ಹನ್ನೊಂದು ಗಂಟೆಯ ಕಳ್ಳ

ಮೊನ್ನೆ ಬ್ಯಾಂಕಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಫಿನಾಯಿಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಕೋಲ್ಕತ್ತದ ಕಸ್ಬಾ ಬಡಾವಣೆಯಲ್ಲಿದ್ದ ನಮ್ಮ ಹಳೆಯ ಆಫೀಸಿನ ಮಾಶಿ ನೆನಪಾದರು. ಗುಡಿಸಿ ಒರೆಸಲು ಬರುವ ಹೆಂಗಸನ್ನು ಅಲ್ಲಿ ಹಾಗೆಯೇ ಕರೆಯುವುದು, ಅಂದರೆ ಅಮ್ಮನ ತಂಗಿ. ದಕ್ಷಿಣೇಶ್ವರದಿಂದ ರೈಲು ಹತ್ತಿ ಬರುತ್ತಿದ್ದರು. ನಾನು ಡಬ್ಬಿ ಮರೆತ ದಿನ ತಮ್ಮ ಮಂಡಕ್ಕಿಯಲ್ಲಿ ಅರ್ಧ ಕಾಗದಕ್ಕೆ ಸುರಿದು, "ತಿನ್ನು ಬಾಬಾ" ಎಂದು ಮಗನನ್ನು ಕರೆದಂತೆ ಕರೆಯುತ್ತಿದ್ದರು.

ಎಲ್ಲರೂ ಐಟಿ ಐಟಿ ಎಂದು ಕುಣಿಯುತ್ತಿದ್ದ ಕಾಲ. ನಮ್ಮ ಕಂಪನಿ ಬಾಗಿಲು, ಮೇಜು, ಗೋಡೆಗಳಲ್ಲೆಲ್ಲ ಬೆಂಕಿಪೊಟ್ಟಣದಷ್ಟು ಸೆನ್ಸರುಗಳನ್ನಿಟ್ಟು, ತಂತಿಯಿಲ್ಲದ ಜಾಲ ಕಟ್ಟಿತ್ತು. ಅದರೊಳಗೆ ಹೊರಗಿನವರು ನುಗ್ಗಿದರೆ ಪತ್ತೆ ಹಚ್ಚುವ ಪ್ರೋಗ್ರಾಂ ನನ್ನದು. ರೂಢಿ ತಪ್ಪಿ ಏನೇ ನಡೆದರೂ ಅದು ಕಳ್ಳ ಎಂದು ಕೂಗಬೇಕು. ಆ ರೂಢಿಯನ್ನು ಅದಕ್ಕೆ ಕಲಿಸಿದ್ದು ದುರ್ಗಾಪೂಜೆಯ ರಜೆಯಲ್ಲಿ, ಆಫೀಸು ಖಾಲಿಯಿದ್ದಾಗ... ಗಲಾಟೆಯಿಲ್ಲದೆ ಕೆಲಸ ಮುಗಿಯಲಿ ಎಂದು!

ರಜೆ ಮುಗಿದ ಮೇಲೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್ ಕೋಣೆಯ ಮೇಜಿನ ಸೆನ್ಸರೊಂದು ಜಾಲದಿಂದ ಮಾಯವಾಗಿ, ಹೊಸದೆಂಬಂತೆ ಮತ್ತೆ ಜಾಲ ಸೇರುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಯಾರೋ ನಕಲಿ ಸೆನ್ಸರ್ ಇಡುತ್ತಿದ್ದಾರೆ ಎಂದು ಹಿಗ್ಗಿನಿಂದ ವರದಿ ಬರೆದೆ. ಆ ಹೊತ್ತಿಗೆ ಆ ಕೋಣೆಯಲ್ಲಿರುತ್ತಿದ್ದವರು ಮಾಶಿ ಒಬ್ಬರೇ.

ಮ್ಯಾನೇಜರು ಎಲ್ಲರೆದುರು ಅವರ ಚೀಲ ಸುರಿಸಿದರು. ಒಂದು ಸೀರೆ, ಬಾಚಣಿಗೆ, ಮಂಡಕ್ಕಿ... "ನೀನಾದ್ರೂ ಹೇಳು ಬಾಬಾ" ಎಂದು ಮಾಶಿ ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಕಡೆ ತಿರುಗಿಕೊಂಡೆ. ಅಂದೇ ಅವರನ್ನು ಕೆಲಸದಿಂದ ತೆಗೆದರು.

ಆಮೇಲೆ ಕಳ್ಳ ಬರಲಿಲ್ಲ. ಎಲ್ಲರೂ ನನ್ನ ಬೆನ್ನು ತಟ್ಟಿದರು. ಒಂದು ದಿನ ಆ ಮೇಜಿನ ಮೇಲೆ ಚಹಾ ಚೆಲ್ಲಿ, ಸೆನ್ಸರ್ ಎತ್ತಿ ನಾನೇ ಒರೆಸಿದೆ. ಬ್ಯಾಟರಿ ಸಡಿಲವಾಗಿ ಅದು ಆರಿ, ಮತ್ತೆ ಹೊತ್ತಿಕೊಂಡಿತು. ನನ್ನ ಪ್ರೋಗ್ರಾಂ ಕಳ್ಳ ಎಂದು ಕೂಗಿತು. ಮಾಶಿ ದಿನಾ ಅದನ್ನೆತ್ತಿ ಅಡಿಯ ಧೂಳನ್ನೂ ಒರೆಸುತ್ತಿದ್ದರು, ಅಷ್ಟೆ. ಅವರ ನಂತರ ಬಂದವರು ಸುತ್ತ ಬಟ್ಟೆಯಾಡಿಸಿ ಹೋಗುತ್ತಿದ್ದರು.

"ಅವ್ರ ಹತ್ರ ಒಂದು ಮಾತು ಕೇಳ್ಲಿಕ್ಕೆ ನಿಂಗೇನಾಗಿತ್ತು ಮಾರಾಯಾ?" ಎಂದರು ಅಮ್ಮ, ಫೋನಿನಲ್ಲಿ ಎಲ್ಲ ಕೇಳಿ. ಮಂಗಳೂರಿನವರು, ಬೈದರೂ ಮೆತ್ತಗೆ.

ದಕ್ಷಿಣೇಶ್ವರಕ್ಕೆ ಹೋಗಿ ಮಾಶಿಯ ಮನೆ ಹುಡುಕಿ, ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. "ಅವತ್ತು ನೋಡ್ತಾ ನಿಂತಿದ್ರಲ್ಲ, ಅವರಿಗೆಲ್ಲ ಇದನ್ನ ಹೇಳಿದ್ಯಾ?" ಎಂದಷ್ಟೇ ಕೇಳಿದರು.

ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಬಡ್ತಿ ಬಂತು... ಹೆದರಿದೆ. ಹೇಳಲೇ ಇಲ್ಲ. ಮಾಶಿ ತೀರಿಹೋಗಿ ಎಷ್ಟೋ ವರ್ಷಗಳಾದವು. ಅವರು ಏನನ್ನೂ ಕದ್ದಿರಲಿಲ್ಲ ಎಂದು ಇವತ್ತು ಬರೆಯುತ್ತಿದ್ದೇನೆ, ಅದೂ ಅಂದು ಅಲ್ಲಿ ನಿಂತಿದ್ದ ಒಬ್ಬರಿಗೂ ಓದಲು ಬಾರದ ಕನ್ನಡದಲ್ಲಿ.