ಜಾಗ ಹಿಡಿದವರು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಕೋಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಂಡಿ ಹೊಲಿದವಳು. ಮಾತು ಕಮ್ಮಿ, ಸಿಟ್ಟು ಮೂಗಿನ ತುದಿಯಲ್ಲಿ. ಅದೇ ಮೇಜಿನಲ್ಲಿ ಅವಳ ಗೆಳತಿ ಕೋಟಿಗೆ ತೋಳು ಕೂಡಿಸುತ್ತಿದ್ದಳು. ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲವಾದ್ದರಿಂದ ಅತ್ತೆ ಅವಳನ್ನು ಬಾಯಿಬಡಕಿ ಎಂದೇ ಕರೆಯುತ್ತಿದ್ದಳು.

ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಅಲ್ಲೇ ದುಡಿಯುವ ನಾನೂ ಸೇರಿ, ನಾವೆಲ್ಲ ಹಾಜರಿ ಕಿಟಕಿಯ ಮುಂದೆ ಸಾಲು ನಿಲ್ಲಬೇಕು. ಕಿಟಕಿ ಎಂದರೆ ಗೋಡೆಯಲ್ಲಿ ಒಂದು ಕೈ ತೂರುವಷ್ಟು ಕಿಂಡಿ. ನಂಬರು ಹೇಳಿ, ಕೈ ತೂರಿಸಿ, ಪುಸ್ತಕದಲ್ಲಿ ಗೀಟು ಎಳೆಯಬೇಕು. ಹೆಸರೂ ಬೇಡ, ಮುಖವೂ ಬೇಡ. ಹೀಗೆ ಎಲ್ಲರೂ ಸಮಾನರಾದೆವಂತೆ, ಕಿಂಡಿಯ ಮೇಲೆಯೇ ಬರೆಸಿದ್ದಾರೆ. ಗೈರಾದರೆ ಅಂದು ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟವಿಲ್ಲ. ಸತತ ಮೂರು ದಿನ ಗೀಟು ಬೀಳದಿದ್ದರೆ ನಂಬರು ಅಳಿಸುತ್ತಾರೆ. ಆಮೇಲೆ ಅಂಥವರು ಹುಟ್ಟಿಯೇ ಇರಲಿಲ್ಲ.

ಗೆಳತಿಯರಿಬ್ಬರಲ್ಲಿ ಮೊದಲು ಬಂದವಳು ಸಾಲಿನಲ್ಲಿ ಚೀಲ ಇಟ್ಟು ಇನ್ನೊಬ್ಬಳಿಗೆ ಜಾಗ ಹಿಡಿಯುತ್ತಿದ್ದಳು. ಸಾಲು ಸರಿದಂತೆ ಚೀಲವನ್ನು ಕಾಲಿನಿಂದ ತಳ್ಳುವುದು. ಚೀಲ ಇದ್ದ ಕಡೆ ಯಾರೂ ನುಗ್ಗುವುದಿಲ್ಲ. ನಮ್ಮಲ್ಲಿ ಹೆದರಿಕೆಯಿಲ್ಲದೆ ಪಾಲಿಸುವ ನಿಯಮ ಅದೊಂದೇ.

ಹೋದ ವರ್ಷ ಸರ್ಕಾರದ ದೊಡ್ಡ ಸಾಹೇಬರು ಕಾರ್ಖಾನೆಗೆ ಬಂದು ಭಾಷಣ ಬಿಗಿಯುವಾಗ ಬಾಯಿಬಡಕಿ ಹಿಂದಿನಿಂದ ಕೂಗಿದಳು: "ಕೇಳಿಸ್ತಿಲ್ಲ ಸ್ವಾಮಿ, ಸುಳ್ಳನ್ನಾದ್ರೂ ಸ್ವಲ್ಪ ಜೋರಾಗಿ ಹೇಳಿ!"

ಸಂಜೆಯೊಳಗೆ ಅವಳನ್ನು ಹಿಡಿದೊಯ್ದರು.

ನಂಬರು ಪುಸ್ತಕದಲ್ಲಿರುವ ತನಕ ಹಿಡಿದವರನ್ನು ಎಂದಾದರೂ ಮನೆಗೆ ಬಿಡಲೇಬೇಕು, ಕಾನೂನು ಹಾಗಿದೆ. ಅದಕ್ಕೇ ಆ ಪುಣ್ಯಾತ್ಮರು ಮೂರು ದಿನ ಸುಮ್ಮನೆ ಕೂಡಿಹಾಕುತ್ತಾರೆ, ಅಷ್ಟೇ. ಅಷ್ಟರಲ್ಲಿ ನಂಬರು ತಾನಾಗಿ ಅಳಿಯುತ್ತದೆ, ಇಲ್ಲದವಳನ್ನು ಬಿಡುವುದೇನು!

ಎರಡು ದಿನ ಅತ್ತೆ ಗೆಳತಿಯ ಜಾಗದಲ್ಲಿ ಅವಳು ಬಿಟ್ಟುಹೋದ ಚೀಲ ಇಟ್ಟು ತಳ್ಳಿಕೊಂಡು ಬಂದಳು. ಮೂರನೆಯ ದಿನ ಕಿಂಡಿಯೊಳಗೆ ಕೈ ತೂರಿಸಿ, ಬಾಯಿಬಡಕಿಯ ನಂಬರು ಹೇಳಿ ಗೀಟೆಳೆದಳು. ಇನ್ನೊಂದು ಸಲ ಸಾಲು ನಿಲ್ಲುವಷ್ಟರಲ್ಲಿ ಕಾರ್ಖಾನೆಯ ಗಂಟೆ ಹೊಡೆಯುತ್ತದೆ. ಹಾಗಾಗಿ ಅಂದು ಅತ್ತೆಯೇ ಗೈರು. ಮುಖ ಬೇಡ ಎಂದವರು ಅವರೇ ತಾನೆ!

ಅಂದಿನಿಂದ ಎರಡು ದಿನ ತಾನು, ಒಂದು ದಿನ ಬಾಯಿಬಡಕಿ. ಊಟವಿಲ್ಲದ ದಿನ ನನ್ನ ತಟ್ಟೆಯಿಂದ ಕೊಡಹೋದರೆ ಗದರುತ್ತಿದ್ದಳು: "ಸುಮ್ನೆ ತಿನ್ನೇ. ಅವಳು ಅಲ್ಲಿ ಏನು ತಿಂತಾಳೋ!"

ಹನ್ನೊಂದು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಕಿಂಡಿಯೊಳಗಿನ ಗುಮಾಸ್ತ ಸೂಜಿ ಚುಚ್ಚಿದ ಆ ಬೆರಳುಗಳನ್ನು ಹಿಡಿದು ನಿಲ್ಲಿಸಿದ.

"ನಿನ್ನೆ ಬೇರೆ ನಂಬರಿಗೆ ಬಂದಿದ್ದೂ ಇದೇ ಕೈ ಅಲ್ವಾ?"

"ಗುಂಡಿ ಹೊಲಿಯೋರ ಕೈಯೆಲ್ಲ ಹೀಗೇ ಇರೋದು. ಅನುಮಾನ ಇದ್ರೆ ಮುಖ ನೋಡಿ. ಕಿಟಕಿ ದೊಡ್ಡದು ಮಾಡ್ಸಿ!"

ಸಾಲಿಗೆ ಸಾಲೇ ನಕ್ಕಿತು. ಮರುದಿನ ಇಬ್ಬರು ಬಂದು ಅತ್ತೆಯನ್ನು ಸಾಲಿನಿಂದಲೇ ಎಳೆದರು. ಅಪರಾಧ: ಸರ್ಕಾರಿ ಕಿಟಕಿಯನ್ನು ಹೀಯಾಳಿಸಿದ್ದು. ಗೀಟಿನ ವಿಷಯ ಯಾರೂ ಎತ್ತಲಿಲ್ಲ. ಎತ್ತಿದರೆ ಕಿಂಡಿ ಕಟ್ಟಿಸಿದವರ ಮಾನವೇ ಹೋಗುತ್ತಿತ್ತು. ಅತ್ತೆ ಅಳಲಿಲ್ಲ. ತನ್ನ ಚೀಲವನ್ನು ಗೆಳತಿಯ ಚೀಲದ ಪಕ್ಕ ಇಟ್ಟು ನನಗೆ ಹೇಳಿದಳು: "ಜಾಗ ಹಿಡ್ಕೊಂಡಿರು."

ಹಿಡಿದುಕೊಂಡಿದ್ದೇನೆ. ಒಂದು ದಿನ ಬಾಯಿಬಡಕಿ, ಒಂದು ದಿನ ಅತ್ತೆ, ಒಂದು ದಿನ ನಾನು. ಊಟ ಮೂರು ದಿನಕ್ಕೊಮ್ಮೆ. ಒಂದು ದಿನ ಜ್ವರ ಬಂದು ಮಲಗಿದರೂ ಒಬ್ಬರು ಅಳಿಸಿಹೋಗುತ್ತಾರೆ. ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಬಿಡುವ ಮಾತೇ ಇಲ್ಲ.

ಇವತ್ತು ಸಾಲಿನಲ್ಲಿ ಕಣ್ಣು ಕತ್ತಲೆಗಟ್ಟಿ ಕುಸಿದು ಕೂತೆ. ನನ್ನ ಹಿಂದೆ ನಿಲ್ಲುವ ಇಸ್ತ್ರಿಯವಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತುಟಿ ಬಿಚ್ಚಿದವಳಲ್ಲ. ಅವಳು ಎರಡೂ ಚೀಲಗಳನ್ನು ಕಾಲಿನಿಂದ ಮುಂದೆ ತಳ್ಳಿ, ಬಗ್ಗಿ, ನನ್ನ ಕಿವಿಯಲ್ಲಿ ಹೇಳಿದಳು:

"ನಾಳೆ ನಿಮ್ಮತ್ತೆ ನಾನು. ನೀನು ಊಟ ಮಾಡು."