ಕಬ್ಬಿಲ್ಲದ ಮೂಲೆ

ಕೆ.ಆರ್. ಪೇಟೆಗೆ ಹೋಗುವಾಗ ಸಿಂಧಘಟ್ಟದ ಹತ್ತಿರ ನಾಲ್ಕು ರಸ್ತೆ ಕೂಡುವಲ್ಲಿ ಟೀಗೆ ನಿಂತೆ. ಸಿಗ್ನಲ್ಲಿನ ಮಾತಿರಲಿ, ಒಂದು ಬೋರ್ಡೂ ಇಲ್ಲ. ಸುತ್ತ ಆಳೆತ್ತರದ ಕಬ್ಬು; ರಸ್ತೆ ತಿರುಗುವ ಮೂಲೆಯಲ್ಲಿ ಮಾತ್ರ ಮೊಣಕಾಲೆತ್ತರದ ಕಡಲೆಕಾಯಿ ಗಿಡ.

“ಇಷ್ಟು ನೀರಿರೋ ಕಡೆ ಕಡಲೆಕಾಯಿ ಯಾಕಮ್ಮ?” ಎಂದು ಅಂಗಡಿಯಾಕೆಯನ್ನು ಕೇಳಿದೆ.

“ಕಬ್ಬು ಬೆಳೆದ್ರೆ ಆ ಕಡೆಯಿಂದ ಬರೋ ಗಾಡಿ ಕಾಣಾಕಿಲ್ಲ ಕಣಣ್ಣ. ಓದೊರ್ಸ ಇಲ್ಲೇ ನಮ್ಮೆಜಮಾನ್ರ ಕಾಲು ಮುರೀತು. ಗುದ್ದಿದ್ದು ಆ ಗದ್ದೆಯೋನ ಟ್ರಾಕ್ಟ್ರೇ. ಈ ಸಲ ಯಾರೂ ಏಳ್ದೆನೇ ಮೂಲೇಲಿ ಕಬ್ಬು ಬುಟ್ಟು ಕಡ್ಲೆಕಾಯಿ ಆಕ್ಬುಟ್ಟ.”

ಅಷ್ಟರಲ್ಲಿ ಬ್ರೇಕು ಕಿರ್ರೆಂದಿತು. ನಾನು ದಡಕ್ಕನೆ ಎದ್ದೆ. ಕಡಲೆಕಾಯಿ ಗಿಡಗಳಾಚೆ ಬರುತ್ತಿದ್ದ ಬೈಕನ್ನು ಕಂಡು ಬಸ್ಸಿನವನು ದೂರದಲ್ಲೇ ನಿಲ್ಲಿಸಿದ್ದ. ಆಕೆ ತಲೆ ಕೂಡ ಎತ್ತದೆ ಟೀ ಸೋಸುತ್ತಿದ್ದಳು.