ಮೂರೆಳೆ ಉಡದಾರ

೧೯೭೪ರಲ್ಲಿ ನಾನು ಮಕ್ಕಳ ಪೌಷ್ಟಿಕತೆಯ ಸಂಶೋಧನೆಯೊಂದರಲ್ಲಿ ಫೀಲ್ಡ್ ನರ್ಸ್ ಆಗಿದ್ದೆ. ತಿಂಗಳಿಗೊಮ್ಮೆ ಸ್ಪ್ರಿಂಗ್ ತಕ್ಕಡಿ ಹೊತ್ತು ನವಲಗುಂದ ತಾಲ್ಲೂಕಿನ ತಿರ್ಲಾಪುರಕ್ಕೆ ಹೋಗುತ್ತಿದ್ದೆ. ಎದೆಹಾಲು ಬಿಡಿಸಿದ ಮೇಲೆ ಕೂಸಿನ ತೂಕ ಯಾವಾಗ ಇಳಿಯುತ್ತದೆ, ಎಲ್ಲಿ ನಿಂತು ಮತ್ತೆ ಏರುತ್ತದೆ ಎಂಬುದನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುವುದು ಕೆಲಸ. ಬಾವಿಯ ನೀರು ಅಳೆಯುವವರೂ ಹತ್ತಿಯ ಹುಳು ಎಣಿಸುವವರೂ ಮಾಡುವುದು ಇದನ್ನೇ, ಏರಿಳಿತ ಬೇಗ ಕಂಡರೆ ಸರಿಪಡಿಸಬಹುದು ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು.

ಆಗ ನನಗೆ ಇಪ್ಪತ್ತಾರು, ಬಾಯಿ ಜೋರು. ತೂಕ ಏರಿದರೆ ಎಲ್ಲರೆದುರು ಶಾಬಾಸ್ ಎನ್ನುತ್ತಿದ್ದೆ, ಇಳಿದರೆ ಮುಖ ಗಂಟು ಹಾಕುತ್ತಿದ್ದೆ.

ಗಂಗವ್ವನ ಮಗ ಬಸಣ್ಣ ಸತತ ಮೂರು ತಿಂಗಳು ಎಂಟೇ ಕಿಲೋ ತೂಗಿದ. ಗಂಗವ್ವ ಹೊಲಕ್ಕೆ ಹೋಗುತ್ತಿದ್ದುದರಿಂದ ಕೂಸನ್ನು ತರುತ್ತಿದ್ದವರು ಅತ್ತೆ ನೀಲವ್ವ. ಒಮ್ಮೆ ದಾರಿಯಲ್ಲಿ ಸಿಕ್ಕ ಗಂಗವ್ವ, "ನರ್ಸಬಾಯಾರ, ಬಗಲಾಗ ಎತ್ತಿಕೊಂಡ್ರ ಕೂಸು ಹಗೂರ ಅನಸ್ತೈತ್ರಿ," ಎಂದಳು.

"ತಕ್ಕಡಿ ಸುಳ್ಳ ಹೇಳತೈತೇನು?" ಎಂದು ಅವಳನ್ನೇ ಗದರಿಸಿದೆ.

ದೃಷ್ಟಿಯಾದೀತೆಂದು ಅಲ್ಲಿ ಯಾರೂ ಕೂಸನ್ನು ಬರಿಮೈಯಲ್ಲಿ ತೂಗಿಸುತ್ತಿರಲಿಲ್ಲ. ನಾನು ಅಂಗಿಯ ತೂಕ ಕಳೆದು ಬರೆಯುತ್ತಿದ್ದೆ. ನಾಲ್ಕನೇ ತಿಂಗಳು ಬಸಣ್ಣ ತಕ್ಕಡಿಯ ಜೋಲಿಯಲ್ಲೇ ಉಚ್ಚೆ ಹೊಯ್ದ. ಒದ್ದೆ ಅಂಗಿ ಕಳಚಿದರೆ ಪಕ್ಕೆಲುಬು ಎಣಿಸುವಂತಿದ್ದವು, ಸೊಂಟಕ್ಕೆ ಮೂರೆಳೆ ಬೆಳ್ಳಿಯ ಉಡದಾರ. ಬಿಚ್ಚಿ ತೂಗಿದೆ. ಏಳು ಕಿಲೋ ಆರುನೂರು ಗ್ರಾಂ. ನೀಲವ್ವ ತಿಂಗಳಿಗೊಂದು ಎಳೆ ಏರಿಸುತ್ತ ಬಂದಿದ್ದರು.

"ತೂಕ ಇಳಿದ್ರ ನೀವು ಮಂದ್ಯಾಗ ಮಾರಿ ಗಂಟ ಹಾಕತೀರಿ. ನನ್ನ ಸೊಸಿ ತಲಿ ತಗ್ಗಿಸಬಾರದಂತ ಹಾಕೀನ್ರಿ," ಎಂದರು.

ನನಗೇ ನಾಚಿಕೆಯಾಯಿತು.

ಅದೇ ವಾರ ಡಾಕ್ಟರು ಬಂದು ನೋಡಿದರು. ಬರೀ ತೆಳ್ಳನೆಯ ಅಂಬಲಿ ಕುಡಿಯುತ್ತಿದ್ದ ಕೂಸಿಗೆ ಶೇಂಗಾಪುಡಿ, ಬೆಲ್ಲ ಕಲಸಿದ ಗಟ್ಟಿ ಗಂಜಿಯನ್ನು ದಿನಕ್ಕೆ ಐದು ಸಲ ತಿನ್ನಿಸಲು ಹೇಳಿದರು. ಮರುತಿಂಗಳು ತೂಕ ಅಷ್ಟೇ ಇತ್ತು. ಇಳಿಯುವುದು ನಿಂತಿದೆ, ಅದೂ ಒಳ್ಳೆಯ ಸುದ್ದಿಯೇ ಎಂದರು ಡಾಕ್ಟರು.

ಅಳೆಯುವವಳ ಮುಖವೂ ತಕ್ಕಡಿಯಲ್ಲಿ ಕೂರುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ. ಆಮೇಲೆ ಶಾಬಾಸ್ ಬಿಟ್ಟೆ, ಗಂಟುಮುಖವನ್ನೂ ಬಿಟ್ಟೆ. ತೂಗುವ ಮೊದಲು, ಕೂಸು ಬಗಲಿಗೆ ಹಗುರವೋ ಭಾರವೋ ಎಂದು ತಾಯಂದಿರನ್ನು ಕೇಳತೊಡಗಿದೆ.

ಅದರ ಮುಂದಿನ ತಿಂಗಳು ನೀಲವ್ವ ತಾವೇ ಅಂಗಿ ಕಳಚಿ, ಕರಿದಾರವೊಂದನ್ನೇ ಉಳಿಸಿ ಮೊಮ್ಮಗನನ್ನು ಜೋಲಿಗೆ ಹಾಕಿದರು. ಏಳು ಕಿಲೋ ಒಂಬೈನೂರು. ನಾನು ಸುಮ್ಮನೆ ಬರೆದುಕೊಂಡೆ.

"ಯಾಕ್ರಿ ಬಾಯಾರ," ಎಂದರು ನೀಲವ್ವ, "ಖರೇ ತೂಕಕ್ಕ ಶಾಬಾಸ್ ಇಲ್ಲೇನು?"